ರುಮಟಾಯ್ಡ್ ಸಂಧಿವಾತಕ್ಕೆ ವಂಶವಾಹಿಗಳ ಬದಲಾವಣೆ ಎಷ್ಟರಮಟ್ಟಿಗೆ ಕಾರಣ?

ತಾಯಿಗೆ ರುಮಟಾಯ್ಡ್ ಸಂಧಿವಾತ (ರೋಗನಿರೋಧಕ ವ್ಯವಸ್ಥೆಯೇ ದೇಹದ ಕೀಲುಗಳ ಮೇಲೆ ದಾಳಿ ಮಾಡುವ ಕಾಯಿಲೆ) ಇದ್ದರೆ ಮಕ್ಕಳಿಗೂ ಬಂದೇ ಬರುತ್ತದೆ ಎಂದೇನಿಲ್ಲ, ಆದರೆ ಸಂಭವ ಉಳಿದವರಿಗಿಂತ ಹೆಚ್ಚು. ರಕ್ತ ಹೆಪ್ಪುಗಟ್ಟದ ಕಾಯಿಲೆಯಾದ ಹಿಮೋಫಿಲಿಯಾದಂತೆ ಒಂದೇ ವಂಶವಾಹಿಯ ದೋಷದಿಂದ ಹುಟ್ಟುವ ಕಾಯಿಲೆ ಇದಲ್ಲ; ನೂರಕ್ಕೂ ಮಿಕ್ಕ ಸ್ಥಾನಗಳಲ್ಲಿನ ಸಣ್ಣ ವ್ಯತ್ಯಾಸಗಳು ಇದರೊಂದಿಗೆ ತಳಕು ಹಾಕಿಕೊಂಡಿವೆ, ಮತ್ತು ಅವುಗಳಲ್ಲಿ ಹೆಚ್ಚಿನವು ಆರೋಗ್ಯವಂತರಲ್ಲೂ ಕಾಣಸಿಗುತ್ತವೆ.

ಇವುಗಳಲ್ಲಿ ಅತ್ಯಂತ ಪ್ರಬಲವಾದದ್ದು 6ನೇ ವರ್ಣತಂತುವಿನಲ್ಲಿರುವ ಎಚ್‌ಎಲ್‌ಎ-ಡಿಆರ್‌ಬಿ1 ಎಂಬ ವಂಶವಾಹಿ. ಪ್ರೋಟೀನ್ ತುಣುಕುಗಳನ್ನು ಟಿ-ಕೋಶಗಳಿಗೆ (ರೋಗನಿರೋಧಕ ವ್ಯವಸ್ಥೆಯ ಒಂದು ಬಗೆಯ ಬಿಳಿ ರಕ್ತಕಣಗಳಿಗೆ) ಹಿಡಿದು ತೋರಿಸುವ ಅಣುವಿನ ಒಂದು ಭಾಗವನ್ನು ಇದು ರೂಪಿಸುತ್ತದೆ. ರೋಗದೊಂದಿಗೆ ನಂಟಿರುವ ಇದರ ಹಲವು ರೂಪಗಳಲ್ಲಿ 70ರಿಂದ 74ನೇ ಸ್ಥಾನದವರೆಗಿನ ಅಮೈನೋ ಆಮ್ಲಗಳ (ಪ್ರೋಟೀನಿನ ಘಟಕಗಳ) ಸರಣಿ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ ಎಂಬ ವಿಚಾರವನ್ನು 1987ರಲ್ಲಿ ಮಂಡಿಸಲಾಯಿತು. ಇಂಥ ಅಣುಗಳು ಸಿಟ್ರುಲಿನ್ (ಅರ್ಜಿನಿನ್ ಎಂಬ ಅಮೈನೋ ಆಮ್ಲ ಬದಲಾಗಿ ಉಂಟಾಗುವ ಘಟಕ) ಇರುವಂತೆ ಮಾರ್ಪಟ್ಟ ಪ್ರೋಟೀನ್ ತುಣುಕುಗಳನ್ನು ಸುಲಭವಾಗಿ ಹಿಡಿದುಕೊಳ್ಳುವುದರಿಂದ, ರೋಗನಿರೋಧಕ ವ್ಯವಸ್ಥೆಯು ದೇಹದ ಸ್ವಂತ ಪ್ರೋಟೀನನ್ನೇ ಪರಕೀಯವೆಂದು ಬಗೆದು ಅದರ ವಿರುದ್ಧ ಪ್ರತಿಕಾಯಗಳನ್ನು ತಯಾರಿಸುವ ಸಾಧ್ಯತೆ ಹೆಚ್ಚುತ್ತದೆ. ಧೂಮಪಾನವು ಶ್ವಾಸಕೋಶದಲ್ಲಿ ಇದೇ ಮಾರ್ಪಾಡನ್ನು ಹೆಚ್ಚಿಸುವ ಕಾರಣ, ಈ ರೂಪಗಳನ್ನು ಹೊತ್ತವರು ಬೀಡಿ-ಸಿಗರೇಟು ಸೇದಿದರೆ ಅಪಾಯ ಬಹುಪಟ್ಟು ಏರುತ್ತದೆ.

ಪಿಟಿಪಿಎನ್22 ಎಂಬ ವಂಶವಾಹಿಯ ಒಂದು ರೂಪಕ್ಕೆ ಯುರೋಪಿನವರಲ್ಲಿ ಮಹತ್ವವಿದೆ. ಏಷ್ಯಾದವರಲ್ಲಿ ಅದು ತೀರ ವಿರಳ. ಹೀಗಾಗಿ ಯುರೋಪಿನ ಲೆಕ್ಕಾಚಾರಗಳನ್ನು ನಮ್ಮವರಿಗೆ ಯಥಾವತ್ತಾಗಿ ಅನ್ವಯಿಸುವುದು ಸರಿಯಲ್ಲ.

ವಂಶವಾಹಿಗಳ ಮಿತಿಯನ್ನು ಅವಳಿಗಳ ಅಧ್ಯಯನಗಳು ಚೆನ್ನಾಗಿ ತೋರಿಸುತ್ತವೆ: ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ರೋಗವಿದ್ದಾಗ ಇನ್ನೊಬ್ಬರಿಗೂ ಬರುವುದು ಸುಮಾರು ನೂರಕ್ಕೆ 15ರಷ್ಟು ಮಾತ್ರ. ಆದ್ದರಿಂದಲೇ ರೋಗನಿರ್ಣಯಕ್ಕೆ ವೈದ್ಯರು ಸಾಮಾನ್ಯವಾಗಿ ವಂಶವಾಹಿ ಪರೀಕ್ಷೆಯನ್ನಲ್ಲ, ಕೀಲುಗಳ ತಪಾಸಣೆಯ ಜೊತೆಗೆ ಆರ್‌ಎ ಫ್ಯಾಕ್ಟರ್ ಮತ್ತು ಆ್ಯಂಟಿ-ಸಿಸಿಪಿ ಎಂಬ ಪ್ರತಿಕಾಯಗಳನ್ನು ಪತ್ತೆಹಚ್ಚುವ ರಕ್ತಪರೀಕ್ಷೆಗಳನ್ನು ಅವಲಂಬಿಸುತ್ತಾರೆ.