ಜರ್ಮನಿಯಲ್ಲಿ ಒಂದು ವರ್ಷ ಓದಲು 11,904 ಯೂರೋ ಸಾಕೇ?

ಅಕ್ಟೋಬರಿನಲ್ಲಿ ಸ್ನಾತಕೋತ್ತರ ವ್ಯಾಸಂಗಕ್ಕೆ ಜರ್ಮನಿಗೆ ಹೊರಟಿರುವ ನೀವು ಎರಡು ಸಂಗತಿ ಕೇಳಿದ್ದೀರಿ: ವೀಸಾಕ್ಕಾಗಿ ಬ್ಲಾಕ್ಡ್ ಅಕೌಂಟಿನಲ್ಲಿ, ಅಂದರೆ ತಿಂಗಳಿಗೆ ಇಂತಿಷ್ಟೇ ಎಂದು ಹಣ ಬಿಡುಗಡೆ ಮಾಡುವ ಖಾತೆಯಲ್ಲಿ, ಇಡುವ 11,904 ಯೂರೋ ಒಂದು ವರ್ಷಕ್ಕೆ ಸಾಲುವುದೇ, ಸಾಲದಿದ್ದರೆ ಅರೆಕಾಲಿಕ ಕೆಲಸವನ್ನು ನೆಚ್ಚಿಕೊಳ್ಳಬಹುದೇ. ಮಾಗ್ಡೆಬುರ್ಗಿನಲ್ಲಿ ಎರಡೂವರೆ ವರ್ಷ ಓದಿದವನಾಗಿ ಹೇಳುವುದಾದರೆ, ಬಾಡಿಗೆ ಅಗ್ಗವಿರುವ ಊರಿನಲ್ಲಿ ಆ ಮೊತ್ತ ವರ್ಷಕ್ಕೆ ಬಿಗಿಯಾಗಿ ಸಾಲುತ್ತದೆ. ಮೊದಲ ಮೂರು ತಿಂಗಳಿಗೆ ಮಾತ್ರ ಯಾವ ಊರಿನಲ್ಲಿಯೂ ಸಾಲುವುದಿಲ್ಲ. ಈ ಎರಡು ಮಾತೂ ಒಟ್ಟಿಗೆ ಹೇಗೆ ನಿಜವಾಗುತ್ತವೆ ಎಂಬುದು ಅರ್ಥವಾದರೆ ನಿಮ್ಮ ಲೆಕ್ಕದ ಮುಕ್ಕಾಲು ಪಾಲು ಮುಗಿದಂತೆಯೇ.

ಮೊದಲು ಆ ಮೊತ್ತ ಎಲ್ಲಿಂದ ಬಂತೆಂದು ನೋಡೋಣ. ತಿಂಗಳಿಗೆ 992 ಯೂರೋ ಎಂಬುದು ಜರ್ಮನಿಯ ವಿದ್ಯಾರ್ಥಿಗಳಿಗೆ ಅಲ್ಲಿನ ಸರ್ಕಾರ ಕೊಡುವ, ಬಾಫ್ಯೋಗ್ ಎಂದು ಕರೆಯುವ ನೆರವಿನ ಗರಿಷ್ಠ ಮಿತಿ. 2024ರ ಪರಿಷ್ಕರಣೆಯ ನಂತರ ಬ್ಲಾಕ್ಡ್ ಅಕೌಂಟಿಗೂ ಅದನ್ನೇ ಅಳವಡಿಸಿದ್ದಾರೆ. ಅದರೊಳಗೆ ಊಟ, ಪುಸ್ತಕ, ಓಡಾಟ ಇತ್ಯಾದಿಗಳಿಗೆ 475, ಬಾಡಿಗೆಗೆ 380, ಆರೋಗ್ಯ ಮತ್ತು ಆರೈಕೆ ವಿಮೆಗೆ 137 ಯೂರೋ ಸೇರಿವೆ. ಎಂದರೆ ನೀವು 380 ಯೂರೋಗೆ ಕೋಣೆ ಹಿಡಿಯುತ್ತೀರಿ ಎಂದು ಕಾನೂನು ಊಹಿಸಿಕೊಂಡಿದೆ. ಮಾಗ್ಡೆಬುರ್ಗ್, ಕೆಮ್ನಿಟ್ಸ್‌ನಂಥ ಪೂರ್ವದ ಊರುಗಳಲ್ಲಿ ಹಂಚಿಕೊಂಡ ಮನೆಯೊಂದರಲ್ಲಿ ಇದು ಸಾಧ್ಯ. ಮ್ಯೂನಿಕ್ಕಿನಲ್ಲಿ ವಿದ್ಯಾರ್ಥಿ ವಸತಿನಿಲಯದ ಕೋಣೆ ಸಿಕ್ಕಿದರೆ ಸಾಧ್ಯ, ಖಾಸಗಿ ಮನೆಯಲ್ಲಿ ಕನಸಿನ ಮಾತು. ಆದ್ದರಿಂದ ವಿಶ್ವವಿದ್ಯಾಲಯವನ್ನು ಆರಿಸುವಾಗ ರ್‍ಯಾಂಕಿಂಗಿನ ಪಕ್ಕದಲ್ಲಿ ಆ ಊರಿನ ಕೋಣೆ ಬಾಡಿಗೆಯನ್ನೂ ಬರೆದಿಟ್ಟುಕೊಳ್ಳಿ. ಬೋಧನಾ ಶುಲ್ಕವಿಲ್ಲ ಎಂಬ ಜನಜನಿತ ಮಾತಿಗೂ ಅಪವಾದಗಳಿವೆ: ಐರೋಪ್ಯ ಒಕ್ಕೂಟದ ಹೊರಗಿನವರಿಗೆ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯ 2017ರಿಂದ ಪ್ರತಿ ಸೆಮಿಸ್ಟರಿಗೆ 1,500 ಯೂರೋ ವಿಧಿಸುತ್ತಿದೆ, ಮ್ಯೂನಿಕ್ಕಿನ ತಾಂತ್ರಿಕ ವಿಶ್ವವಿದ್ಯಾಲಯ 2024ರ ಚಳಿಗಾಲದ ಸೆಮಿಸ್ಟರಿನಿಂದ ಸ್ನಾತಕೋತ್ತರ ಕೋರ್ಸುಗಳಿಗೆ ಸೆಮಿಸ್ಟರಿಗೆ 4,000ದಿಂದ 6,000 ಯೂರೋವರೆಗೆ ಪಡೆಯುತ್ತಿದೆ.

ಇನ್ನು ಮೊದಲ ಮೂರು ತಿಂಗಳ ವಿಚಾರ. ಹೊರಡುವ ಮುನ್ನ ನಾನು ವರ್ಷದ ಖರ್ಚನ್ನೆಲ್ಲ ಕೂಡಿ ಹನ್ನೆರಡರಿಂದ ಭಾಗಿಸಿ, ತಿಂಗಳ ಕೊನೆಗೆ ಎಪ್ಪತ್ತು ಯೂರೋ ಉಳಿಯುವಂತೆ ಚೆಂದದ ಪಟ್ಟಿಯೊಂದನ್ನು ಮಾಡಿಕೊಂಡಿದ್ದೆ. ಆ ಪಟ್ಟಿ ಒಂಬತ್ತು ದಿನ ಬಾಳಿತು. ಹಣ ಪ್ರತಿ ತಿಂಗಳೂ ಸಮಭಾಗವಾಗಿ ಬಿಡುಗಡೆಯಾಗುತ್ತದೆ, ಖರ್ಚು ಹಾಗೆ ಬರುವುದಿಲ್ಲ. ಅಕ್ಟೋಬರಿನಲ್ಲಿ ಅದು ಗುಂಪುಕಟ್ಟಿಕೊಂಡು ಬಾಗಿಲಿಗೆ ಬಂದು ನಿಲ್ಲುತ್ತದೆ. ಒಂದು ಸಾಧಾರಣ ಕೋಣೆಯನ್ನೇ ತೆಗೆದುಕೊಳ್ಳಿ. ಬರಿಯ ಬಾಡಿಗೆ, ಅಂದರೆ ಅಲ್ಲಿಯವರು ಕಾಲ್ಟ್‌ಮೀಟೆ ಎನ್ನುವುದು, 380 ಯೂರೋ. ನೀರು, ಹೀಟಿಂಗ್, ಕಸವಿಲೇವಾರಿಯ 90 ಸೇರಿ ವಾರ್ಮ್‌ಮೀಟೆ 470. ಡೆಪಾಸಿಟ್ ಮೂರು ತಿಂಗಳ ಬರಿಯ ಬಾಡಿಗೆ, 1,140. ವಿಶ್ವವಿದ್ಯಾಲಯದ ಸೆಮಿಸ್ಟರ್ ವಂತಿಗೆ 310, ವಿಮೆ 145, ವಾಸದ ಪರವಾನಗಿಯ ಶುಲ್ಕ 100, ಊಟ 220, ಹಾಸಿಗೆ, ಹೊದಿಕೆ, ಪಾತ್ರೆಗಳಿಗೆ 150. ಒಟ್ಟು 2,535 ಯೂರೋ. ಕೈಗೆ ಬರುವುದು 992.

ಇಲ್ಲೊಂದು ಕಾನೂನು ನಿಮ್ಮ ನೆರವಿಗಿದೆ, ಬಹಳ ಮಂದಿ ಹೊಸಬರಿಗೆ ಅದು ಗೊತ್ತಿಲ್ಲ. ಜರ್ಮನಿಯ ನಾಗರಿಕ ಸಂಹಿತೆಯ 551ನೆಯ ಕಲಮಿನ ಪ್ರಕಾರ ಡೆಪಾಸಿಟ್ ಮೂರು ತಿಂಗಳ ಬರಿಯ ಬಾಡಿಗೆಯನ್ನು ಮೀರುವಂತಿಲ್ಲ. ಬಾಡಿಗೆದಾರ ಅದನ್ನು ಮೂರು ಸಮಾನ ಮಾಸಿಕ ಕಂತುಗಳಲ್ಲಿ ಕಟ್ಟಬಹುದು, ಮೊದಲ ಕಂತು ಬಾಡಿಗೆ ಆರಂಭವಾದಾಗ. ನನ್ನ ಮನೆಯ ಒಡೆಯರು ಪೂರ್ತಿ ಹಣವನ್ನು ಒಮ್ಮೆಗೇ ಕೇಳಿದ್ದರು; ಈ ಕಲಮನ್ನು ಹೆಸರಿಸಿ ವಿನಯದಿಂದ ಎರಡು ಸಾಲಿನ ಪತ್ರ ಬರೆದಾಗ ಮರುಮಾತಿಲ್ಲದೆ ಒಪ್ಪಿದರು. ಕಂತು ಮಾಡಿಕೊಂಡರೆ ಮೇಲಿನ ಲೆಕ್ಕದಲ್ಲಿ ಅಕ್ಟೋಬರ್ 1,775ಕ್ಕೆ ಇಳಿಯುತ್ತದೆ. ನವೆಂಬರ್, ಡಿಸೆಂಬರುಗಳು ಫೋನಿನ 15 ಯೂರೋ ಸೇರಿ ತಲಾ 1,230 ಆಗುತ್ತವೆ. ಜನವರಿಯಿಂದ 850ಕ್ಕೆ ಬಂದು ನಿಮಗೆ ಉಸಿರಾಡಲು ಜಾಗ ಸಿಗುತ್ತದೆ. ಮೂರು ತಿಂಗಳ ಕೊರತೆ ಸುಮಾರು 1,260 ಯೂರೋ. ಇದರ ಜೊತೆಗೆ, ಬ್ಲಾಕ್ಡ್ ಅಕೌಂಟಿನ ಮೊದಲ ಕಂತು ನೀವು ಇಳಿದ ದಿನವೇ ಬರುವುದಿಲ್ಲ. ಅಲ್ಲಿ ಸಾಮಾನ್ಯ ಬ್ಯಾಂಕ್ ಖಾತೆ ತೆರೆದು, ಅದರ ವಿವರ ಕೊಟ್ಟು, ಕೇಳಿದ ದಾಖಲೆಗಳನ್ನು ಸಲ್ಲಿಸಿದ ಮೇಲೆಯೇ ಹಣ ಹರಿಯತೊಡಗುತ್ತದೆ. ಆದ್ದರಿಂದ ಬ್ಲಾಕ್ಡ್ ಅಕೌಂಟಿನ ಹೊರಗೆ 2,500 ಯೂರೋ ನಿಮ್ಮ ಕೈಗೆ ಎಟುಕುವಂತಿರಲಿ ಎಂಬುದು ನನ್ನ ಸಲಹೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ನಾನು ಹಿಡಿದ ಕೋಣೆಯಲ್ಲಿ ಹಾಸಿಗೆಯೇ ಇರಲಿಲ್ಲ, ಮೊದಲ ವಾರ ಚಳಿಯ ಕೋಟನ್ನು ಹಾಸಿಕೊಂಡು ಮಲಗಿದೆ. ಪೀಠೋಪಕರಣವಿಲ್ಲದ ಕೋಣೆಗಳು ಅಲ್ಲಿ ಮಾಮೂಲು, ಅಡುಗೆಕಟ್ಟೆಯೂ ಇಲ್ಲದೆ ಬಾಡಿಗೆಗೆ ಬರುವ ಮನೆಗಳೂ ಇವೆ. ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ಕೋಣೆಯ ಫೋಟೋದಲ್ಲಿ ಕಾಣುವ ವಸ್ತುಗಳಲ್ಲಿ ಯಾವುದು ನಿಮ್ಮದಾಗುತ್ತದೆ, ಯಾವುದನ್ನು ಹಳೆಯ ಬಾಡಿಗೆದಾರ ಹೊತ್ತೊಯ್ಯುತ್ತಾನೆ ಎಂದು ಕೇಳಿ.

ಕೇಳಬೇಕಾದ ಇನ್ನೊಂದು ಪ್ರಶ್ನೆ ಇದಕ್ಕಿಂತಲೂ ಮುಖ್ಯ: ಆ ವಿಳಾಸದಲ್ಲಿ ಅನ್‌ಮೆಲ್ಡುಂಗ್ ಮಾಡಿಸಬಹುದೇ? ಮನೆ ಸೇರಿದ ಎರಡು ವಾರದೊಳಗೆ ನಗರಾಡಳಿತದಲ್ಲಿ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮನೆಯ ಒಡೆಯರು ಸಹಿ ಮಾಡಿದ ದೃಢೀಕರಣ ಬೇಕು. ತಾತ್ಕಾಲಿಕವಾಗಿ ಕೋಣೆ ಬಿಟ್ಟುಕೊಡುವ ಕೆಲವರು ಬಾಡಿಗೆ ಕಡಿಮೆ ಮಾಡಿ, ನೋಂದಣಿ ಮಾತ್ರ ಬೇಡ ಎನ್ನುತ್ತಾರೆ. ಅಂಥ ಕೋಣೆ ಅಗ್ಗವಾಗಿ ಕಂಡರೂ ದುಬಾರಿ. ನೋಂದಣಿಯಿಲ್ಲದೆ ತೆರಿಗೆ ಸಂಖ್ಯೆ ಬರುವುದಿಲ್ಲ, ವಾಸದ ಪರವಾನಗಿಯ ಅರ್ಜಿಯೂ ಮುಂದೆ ಸಾಗುವುದಿಲ್ಲ. ಕೋಣೆಯನ್ನು ಕಣ್ಣಾರೆ ನೋಡುವ ಮೊದಲು, ಒಪ್ಪಂದವಿಲ್ಲದೆ, ಡೆಪಾಸಿಟ್ ಕಳಿಸುವ ಮಾತಂತೂ ಬೇಡವೇ ಬೇಡ.

ಅನ್‌ಮೆಲ್ಡುಂಗ್ ಆದ ಕೆಲವೇ ವಾರಗಳಲ್ಲಿ ರೇಡಿಯೋ-ಟಿವಿ ವಂತಿಗೆಯ ಪತ್ರ ಬರುತ್ತದೆ. ನನ್ನ ಬಳಿ ಟಿವಿಯೇ ಇಲ್ಲವಲ್ಲ ಎಂದು ಅದನ್ನು ಮೂಲೆಗೆಸೆಯಬೇಡಿ. ತಿಂಗಳಿಗೆ 18.36 ಯೂರೋದಂತೆ ಮೂರು ತಿಂಗಳದು ಒಟ್ಟಿಗೆ 55.08 ಕಟ್ಟಬೇಕು, ಆದರೆ ಅದು ಮನೆಗೊಂದರಂತೆಯೇ ಹೊರತು ತಲೆಗೊಂದರಂತೆ ಇಲ್ಲ. ಜೊತೆಗಿರುವವರಲ್ಲಿ ಒಬ್ಬರು ಈಗಾಗಲೇ ಕಟ್ಟುತ್ತಿದ್ದರೆ ಅವರ ವಂತಿಗೆ ಸಂಖ್ಯೆಯನ್ನು ಬರೆದು ಕಳಿಸಿ, ಹಣವನ್ನು ನಿಮ್ಮ ನಿಮ್ಮಲ್ಲಿ ಹಂಚಿಕೊಳ್ಳಿ.

ಬಸ್ಸು-ರೈಲಿನ ಖರ್ಚನ್ನು ಪ್ರತ್ಯೇಕವಾಗಿ ಬರೆಯುವ ಮುನ್ನ ಸೆಮಿಸ್ಟರ್ ವಂತಿಗೆಯಲ್ಲಿ ಆರು ತಿಂಗಳ ಪಾಸು ಸೇರಿದೆಯೇ ಎಂದು ನೋಡಿ, ಬಹಳ ಕಡೆ ಸೇರಿರುತ್ತದೆ. ಊಟಕ್ಕೆ ಮೆನ್ಸಾ ಎಂಬ ವಿಶ್ವವಿದ್ಯಾಲಯದ ಕ್ಯಾಂಟೀನ್ ಇದೆ. ವಿಮೆಯ ವಿಷಯದಲ್ಲಿ ಮಾತ್ರ ಆತುರ ಬೇಡ: ತಿಂಗಳಿಗೆ ಮೂವತ್ತು, ನಲವತ್ತು ಯೂರೋಗೆ ಸಿಗುವ ಖಾಸಗಿ ವಿಮೆಯ ಆಸೆಗೆ ಸಾರ್ವಜನಿಕ ವಿಮೆಯಿಂದ ವಿನಾಯಿತಿ ಪಡೆದರೆ, ಆ ವ್ಯಾಸಂಗ ಮುಗಿಯುವವರೆಗೆ ವಿದ್ಯಾರ್ಥಿ ದರದ ಸಾರ್ವಜನಿಕ ವಿಮೆಗೆ ಮರಳಲು ಬರುವುದಿಲ್ಲ. ಮೂವತ್ತು ವರ್ಷ ತುಂಬಿದವರಿಗೆ ಸಾಮಾನ್ಯವಾಗಿ ಆ ದರವೇ ಸಿಗುವುದಿಲ್ಲ. ನಿಮ್ಮ ವಯಸ್ಸು ಅದರ ಹತ್ತಿರವಿದ್ದರೆ ನಿಮ್ಮ ಪಟ್ಟಿಯಲ್ಲಿ ವಿಮೆಯ ಸಾಲನ್ನು ಈಗಲೇ ತಿದ್ದಿಕೊಳ್ಳಿ.

ಈಗ ಕೆಲಸದ ಪ್ರಶ್ನೆಗೆ ಬರುತ್ತೇನೆ. 2024ರ ಮಾರ್ಚಿನಿಂದ ವಿದೇಶಿ ವಿದ್ಯಾರ್ಥಿ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ದುಡಿಯಬಹುದು. 2026ರ ಜನವರಿಯಿಂದ ಕನಿಷ್ಠ ವೇತನ ಗಂಟೆಗೆ 13.90 ಯೂರೋ, ಮಿನಿಜಾಬ್ ಎಂಬ ಸಣ್ಣ ಕೆಲಸದ ಗಳಿಕೆಯ ಮಿತಿ ತಿಂಗಳಿಗೆ 603. ಎಂದರೆ ವಾರಕ್ಕೆ ಹತ್ತು ಗಂಟೆ ದುಡಿದರೆ ಬಾಡಿಗೆ ಗಿಟ್ಟುತ್ತದೆ. ಕಾಗದದ ಮೇಲೆ ಇದು ಸೊಗಸಾದ ಲೆಕ್ಕ. ಆದರೆ ಭಾಷೆ ಬಾರದವರಿಗೆ ಸಿಗುವುದು ಗೋದಾಮು, ಪಾತ್ರೆ ತೊಳೆಯುವ ಕೆಲಸ, ಮನೆಬಾಗಿಲಿಗೆ ಊಟ ತಲುಪಿಸುವ ಕೆಲಸ, ಅದೂ ಕೂಡಲೇ ಸಿಗುವುದಿಲ್ಲ. ನನಗೆ ಮೊದಲ ಕೆಲಸ ಸಿಕ್ಕಿದ್ದು ಐದನೆಯ ತಿಂಗಳಲ್ಲಿ, ಫೆಬ್ರುವರಿಯ ಪರೀಕ್ಷೆಗಳು ಮುಗಿದ ಮೇಲೆ. ಅದಕ್ಕೆ ಮುಂಚೆ ಸಿಕ್ಕಿದ್ದರೆ ಆ ಪರೀಕ್ಷೆಗಳಲ್ಲಿ ಒಂದೆರಡನ್ನು ಕಳೆದುಕೊಳ್ಳುತ್ತಿದ್ದೆ ಎಂಬ ಅನುಮಾನ ಈಗಲೂ ಇದೆ. ಆದ್ದರಿಂದ ಮೊದಲ ಆರು ತಿಂಗಳ ಲೆಕ್ಕದಲ್ಲಿ ಆದಾಯದ ಕಡೆ ಸೊನ್ನೆ ಬರೆಯಿರಿ. ಆಮೇಲೆ ಬಂದ ಹಣವನ್ನು ಎರಡನೆಯ ವರ್ಷಕ್ಕೆಂದು ತೆಗೆದಿಡಿ, ಏಕೆಂದರೆ ಪರವಾನಗಿ ನವೀಕರಿಸುವಾಗ ಮುಂದಿನ ಅವಧಿಗೂ ಜೀವನ ನಡೆಸಲು ಹಣವಿದೆಯೆಂದು ಮತ್ತೆ ತೋರಿಸಬೇಕು. ಮೊದಲ ವರ್ಷದ ಹಣವನ್ನು ಕೊನೆಯ ಯೂರೋವರೆಗೆ ಜಾಣತನದಿಂದ ಖರ್ಚು ಮಾಡಿದ ಗೆಳೆಯನೊಬ್ಬ ಆ ಹೊತ್ತಿಗೆ ಸಾಲ ಮಾಡಿ ಖಾತೆ ತುಂಬಿಸಬೇಕಾಯಿತು. ಖಾಯಂ ಕೆಲಸದ ಕರಾರು ಇದ್ದರೆ ಅದರ ವೇತನವನ್ನೂ ಅಧಿಕಾರಿಗಳು ಗಣನೆಗೆ ತೆಗೆದುಕೊಳ್ಳುತ್ತಾರೆ. ವಿಶ್ವವಿದ್ಯಾಲಯದ ವಿಭಾಗದಲ್ಲಿಯೇ ಸಿಗುವ ಸಹಾಯಕನ ಕೆಲಸ ಇದಕ್ಕೆ ಉತ್ತಮ, ಅದು ಆ 140 ದಿನಗಳ ಮಿತಿಯೊಳಗೂ ಬರುವುದಿಲ್ಲ.

ಕಡೆಯದಾಗಿ, ಪಟ್ಟಿಯಲ್ಲಿ ಯಾರೂ ಬರೆಯದ ಒಂದು ಖರ್ಚು. ಬಾಡಿಗೆಯ ಜೊತೆ ಕಟ್ಟುವ ಆ 90 ಯೂರೋ ಕೇವಲ ಮುಂಗಡ. ವರ್ಷದ ಅವಧಿ ಮುಗಿದ ಮೇಲೆ ನಿಜವಾದ ಲೆಕ್ಕ ಕಳಿಸಲು ಮನೆಯ ಒಡೆಯರಿಗೆ ಹನ್ನೆರಡು ತಿಂಗಳ ಗಡುವಿದೆ. ಮೊದಲ ಚಳಿಗಾಲದಲ್ಲಿ ನಾನು ಹೀಟರನ್ನು ಗರಿಷ್ಠವಾದ ಐದರ ಗುರುತಿನಲ್ಲಿಟ್ಟು ಕಿಟಕಿ ಓರೆ ತೆರೆದು ಮಲಗುತ್ತಿದ್ದೆ. ಅದರ ಬಿಲ್ಲು, 212 ಯೂರೋ, ನಾನು ಆ ಚಳಿಯನ್ನು ಮರೆತೇಬಿಟ್ಟಿದ್ದ ಮುಂದಿನ ವರ್ಷದ ನವೆಂಬರಿನಲ್ಲಿ ಬಂತು.