ಕಬಡ್ಡಿಯಲ್ಲಿ ತಲೆಗೆ ಪೆಟ್ಟು: ಸ್ಕ್ಯಾನ್ ಸರಿಯಿದ್ದರೂ ಈಗಲೇ ಆಡಿಸಬೇಡಿ

ಕಬಡ್ಡಿಯಲ್ಲಿ ತಲೆಗೆ ಪೆಟ್ಟು ಬಿದ್ದ ತಮ್ಮನ ಸಿಟಿ ಸ್ಕ್ಯಾನ್ ಸರಿಯಿದೆ, ಭಾನುವಾರದ ಪಂದ್ಯ ಆಡಲಿ ಎಂದು ತರಬೇತುದಾರರು ಒತ್ತಾಯಿಸುತ್ತಿದ್ದಾರೆ, ಆಡಿಸಬಹುದೇ ಎಂದು ಕೇಳಿದ್ದೀರಿ. ಮೊಣಕಾಲು ತಲೆಗೆ ಬಡಿದು ವಾರ ಕಳೆದರೂ ನಿಮ್ಮ ತಮ್ಮನಿಗೆ ತಲೆನೋವು, ಮಂಕು ಉಳಿದಿರುವುದಕ್ಕೆ ಕಾರಣ ಹೆಚ್ಚಾಗಿ ಕನ್ಕಶನ್, ಅಂದರೆ ಪೆಟ್ಟಿನ ರಭಸಕ್ಕೆ ಮಿದುಳು ಅಲುಗಿ ಆದ ಗಾಯ. ವೈದ್ಯರೇ ನೋಡಿ ಖಚಿತಪಡಿಸಬೇಕು. ಸಿಟಿ ಸ್ಕ್ಯಾನ್ ರಕ್ತಸ್ರಾವವನ್ನೂ ಮೂಳೆ ಮುರಿತವನ್ನೂ ತೋರಿಸುತ್ತದೆ. ಕನ್ಕಶನ್ ಸಾಮಾನ್ಯವಾಗಿ ಅದರಲ್ಲಿ ಕಾಣುವುದಿಲ್ಲ. ಉಡುಪಿಯ ನಮ್ಮ ತಂಡದಲ್ಲಿ ರೇಡ್‌ನಲ್ಲಿ ತಲೆಗೆ ಪೆಟ್ಟು ತಿಂದು ಬಂದ ಹುಡುಗನೊಬ್ಬ ಅಂಕ ಎಷ್ಟೆಂದು ಮತ್ತೆ ಮತ್ತೆ ಕೇಳುತ್ತಿದ್ದ. ಅವನ ಸ್ಕ್ಯಾನೂ ಸರಿಯಾಗಿಯೇ ಇತ್ತು.

ಪದೇ ಪದೇ ವಾಂತಿ, ಏರುತ್ತಿರುವ ತಲೆನೋವು, ಎಬ್ಬಿಸಲಾಗದ ನಿದ್ದೆ, ಫಿಟ್ಸ್, ಕೈಕಾಲು ಬಲಹೀನತೆ, ತೊದಲು ಮಾತು ಇವುಗಳಲ್ಲಿ ಒಂದಿದ್ದರೂ ಈಗಲೇ ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ. ಇಲ್ಲದಿದ್ದರೆ ನಾಳೆಯೇ ನರರೋಗ ತಜ್ಞರಿಗೆ ತೋರಿಸಿ. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಆ ವಿಭಾಗ ಇದೆ. ಅಲ್ಲಿಯವರೆಗೆ ಬೈಕ್ ಕೊಡಬೇಡಿ. ಭಾನುವಾರದ ಪಂದ್ಯ ಬೇಡವೇ ಬೇಡ, ತರಬೇತುದಾರರು ಎಷ್ಟೇ ಒತ್ತಾಯಿಸಲಿ. ಮೊದಲ ಗಾಯ ಮಾಯುವ ಮುನ್ನ ಎರಡನೆಯ ಪೆಟ್ಟು ಬಿದ್ದರೆ ಜೀವಕ್ಕೇ ಅಪಾಯವಾಗಬಹುದು.

ಆಟಕ್ಕೆ ಮರಳಿಸುವುದು ಹಂತ ಹಂತವಾಗಿ. ನಡಿಗೆ, ಆಮೇಲೆ ಓಟ, ಆಮೇಲೆ ಮೈ ತಾಗದ ಅಭ್ಯಾಸ: ಒಂದೊಂದು ಹಂತಕ್ಕೂ ಕನಿಷ್ಠ ಒಂದು ದಿನ. ನೋವು ಹೆಚ್ಚಿದರೆ ನಿಲ್ಲಿಸಿ, ಮರುದಿನ ನೋಡಿ. ಮೈ ತಾಗುವ, ಹಿಡಿಯುವ ಆಟಕ್ಕೆ ಲಕ್ಷಣವೆಲ್ಲ ಹೋಗಿರಬೇಕು, ವೈದ್ಯರ ಒಪ್ಪಿಗೆಯೂ ಬೇಕು.

ಮುಂದೆ ಮರೆವಿನ ಕಾಯಿಲೆ ಬರುತ್ತದೆಯೇ ಎಂದು ಅಮ್ಮ ಅಳುತ್ತಿದ್ದಾರೆ ಎಂದಿರಿ. ಒಂದು ಪೆಟ್ಟಿನಿಂದ ಅದನ್ನು ಯಾರೂ ಊಹಿಸಲಾರರು. ಹೆಚ್ಚಿನ ಆತಂಕ ಇರುವುದು ವರ್ಷಗಟ್ಟಲೆ ಮರುಕಳಿಸುವ ಪೆಟ್ಟುಗಳ ಬಗ್ಗೆ. ಸ್ಕಾಟ್ಲೆಂಡಿನ ಮಾಜಿ ವೃತ್ತಿಪರ ಫುಟ್ಬಾಲ್ ಆಟಗಾರರಲ್ಲಿ ಮಿದುಳು ಸವೆಯುವ ಕಾಯಿಲೆಗಳಿಂದಾದ ಸಾವು ಇತರರಿಗಿಂತ ಸುಮಾರು ಮೂರೂವರೆ ಪಟ್ಟು ಹೆಚ್ಚು ಎಂದು 2019ರ ಅಧ್ಯಯನ ಕಂಡಿತು. ಆದ್ದರಿಂದ ಅವನಿಗೆ ಹಿಂದೆ ಬಿದ್ದ ಪೆಟ್ಟುಗಳನ್ನೂ ನೆನಪಿಸಿಕೊಂಡು ಬರೆದು ವೈದ್ಯರಿಗೆ ಕೊಡಿ.