ಹಾರ್ಡ್‌ಗೆ ‘ಲಿ’ ಸೇರಿದರೆ ಅರ್ಥ ಏಕೆ ತಿರುಗುತ್ತದೆ?

ಪ್ರಶ್ನೆ: ಉದ್ಯೋಗದ ಅರ್ಜಿಯಲ್ಲಿ ಶ್ರಮಪಟ್ಟು ದುಡಿಯುತ್ತೇನೆ ಎಂಬ ಅರ್ಥದಲ್ಲಿ ‘ಐ ವರ್ಕ್ ಹಾರ್ಡ್ಲಿ’ ಎಂದು ಬರೆದೆ. ಕಳುಹಿಸುವ ಮೊದಲು ಅದನ್ನು ಓದಿದ ಗೆಳತಿ, ‘ಕೆಲಸವನ್ನೇ ಮಾಡುವುದಿಲ್ಲ ಎಂದು ಬರೆದುಕೊಂಡಿದ್ದೀಯ’ ಎಂದಳು. ಸ್ಲೋ ಎಂಬುದು ಸ್ಲೋಲಿ ಆಗುವಾಗ ಹಾರ್ಡ್ ಎಂಬುದು ಹಾರ್ಡ್ಲಿ ಆದರೆ ತಪ್ಪೇನು?

ಉತ್ತರ: ನಿಮ್ಮ ತರ್ಕ ಸರಿಯಾಗಿಯೇ ಇದೆ. ಇಂಗ್ಲಿಷಿನಲ್ಲಿ ಒಂದು ಕಾಲಕ್ಕೆ ಹಾರ್ಡ್ಲಿ ಎಂದರೆ ಬಲವಾಗಿ, ಗಟ್ಟಿಯಾಗಿ ಎಂದೇ ಅರ್ಥವಿತ್ತು. ಮುಂದೆ ಅದು ‘ಕಷ್ಟಪಟ್ಟು’ ಎಂಬ ಕಡೆಗೆ ವಾಲಿತು. 1611ರ ಕಿಂಗ್ ಜೇಮ್ಸ್ ಬೈಬಲಿನ ಮತ್ತಾಯನ ಸುವಾರ್ತೆಯ 19ನೆಯ ಅಧ್ಯಾಯದಲ್ಲಿ, ಐಶ್ವರ್ಯವಂತನು ಸ್ವರ್ಗರಾಜ್ಯವನ್ನು ಸೇರುವುದು ಕಷ್ಟ ಎನ್ನುವಲ್ಲಿ ಬಳಸಿರುವ ಪದ ಹಾರ್ಡ್ಲಿಯೇ. ಇಂದಿನ ಅರ್ಥ ಹಿಡಿದು ಓದಿದವರು ಅಲ್ಲಿ ಎಡವುತ್ತಾರೆ.

‘ಕಷ್ಟಪಟ್ಟು’ ಎಂಬುದು ‘ಇಲ್ಲವೆನ್ನುವಷ್ಟು ಕಡಿಮೆ’ ಆದದ್ದು ಹೇಗೆ? ಉತ್ತರ ಕನ್ನಡದಲ್ಲೇ ಇದೆ. ‘ಇವತ್ತು ಅವನು ಬರುವುದು ಕಷ್ಟ’ ಎಂದರೆ ಅವನಿಗೆ ದಾರಿಯಲ್ಲಿ ತೊಂದರೆಯಿದೆ ಎಂದು ಯಾರೂ ತಿಳಿಯುವುದಿಲ್ಲ. ಬಹುಶಃ ಬರಲಾರ ಎಂದೇ ತಿಳಿಯುತ್ತೇವೆ. ಎರಡು ಭಾಷೆಗಳು ಒಂದೇ ದಾರಿ ಹಿಡಿದಿವೆ. ನನಗೆ ಈ ಪದದಲ್ಲಿ ಅತ್ಯಂತ ಪ್ರಿಯವಾದ ಸಂಗತಿ ಇದು.

ಶ್ರಮದ ಅರ್ಥಕ್ಕೆ ‘ಲಿ’ ಇಲ್ಲದ ಹಾರ್ಡ್ ಉಳಿದುಕೊಂಡಿತು. ಹಳೆಯ ಇಂಗ್ಲಿಷಿನಲ್ಲಿ ಅದರ ಕ್ರಿಯಾವಿಶೇಷಣ ರೂಪಕ್ಕೆ ಕೊನೆಯಲ್ಲಿ ‘ಎ’ಕಾರವಿತ್ತು. ಅದು ಸವೆದುಹೋದ ಮೇಲೆ ಗುಣವಾಚಕವೂ ಕ್ರಿಯಾವಿಶೇಷಣವೂ ಒಂದೇ ರೂಪದಲ್ಲಿ ನಿಂತವು.

ಬಳಕೆಯಲ್ಲಿ ನೆನಪಿಡಬೇಕಾದದ್ದು, ಹಾರ್ಡ್ಲಿಯೊಳಗೇ ‘ಇಲ್ಲ’ ಅಡಗಿದೆ. ಆದ್ದರಿಂದ ‘ಐ ಕಾಂಟ್ ಹಾರ್ಡ್ಲಿ ಹಿಯರ್’ ಎಂಬುದನ್ನು ಶಿಷ್ಟ ಬರವಣಿಗೆ ಒಪ್ಪುವುದಿಲ್ಲ. ‘ಐ ಕ್ಯಾನ್ ಹಾರ್ಡ್ಲಿ ಹಿಯರ್’ ಎಂದರೆ ಸಾಕು. ಹಾರ್ಡ್ಲಿ ಎವರ್ ಎಂದರೆ ಅಪರೂಪಕ್ಕೆ. ವಾಕ್ಯದ ಮೊದಲಿಗೆ ಬಂದಾಗ ಸಹಾಯಕ ಕ್ರಿಯಾಪದ ಕರ್ತೃವಿಗಿಂತ ಮುಂದೆ ಬರುತ್ತದೆ: ‘ಹಾರ್ಡ್ಲಿ ಹ್ಯಾಡ್ ಐ ಸ್ಯಾಟ್ ಡೌನ್ ವೆನ್ ದ ಫೋನ್ ರ‍್ಯಾಂಗ್’. ಕುಳಿತೆನೋ ಇಲ್ಲವೋ, ಫೋನ್ ಬಡಿದುಕೊಂಡಿತು ಎಂಬ ಧಾಟಿ. ಇಲ್ಲಿ ‘ವೆನ್’ ಬದಲು ‘ದ್ಯಾನ್’ ಬರೆಯುವವರು ಬಹಳ. ಅದು ‘ನೋ ಸೂನರ್’ ಜೊತೆಗೆ ಸಲ್ಲುವ ಪದ.

ಲೇಟ್, ಲೇಟ್ಲಿ ಜೋಡಿಯೂ ಹೀಗೆಯೇ ಬೇರೆಯಾಗಿದೆ: ಮೊದಲನೆಯದು ತಡವಾಗಿ, ಎರಡನೆಯದು ಇತ್ತೀಚೆಗೆ. ನಿಮ್ಮ ಅರ್ಜಿಯಲ್ಲಿ ‘ಲಿ’ ಒಂದನ್ನು ಅಳಿಸಿ ಕಳುಹಿಸಿ.